ಅಕ್ಕೋರು ಕಲಿಸಿದ ರೋಮ್

ಯಾರು ಏನೇ ಸುದ್ದಿ ತಂದರೂ ಕೃಪಾ ಅಕ್ಕೋರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಯಾರ ಮನ್ಯಾಗ?" ಯುಗಾದಿ ಊಟ ಚೆನ್ನಾಗಿತ್ತು ಎಂದರೆ, ಯಾರ ಮನ್ಯಾಗ? ಆಫೀಸಿನ ಇಬ್ಬರು ಗೆಳೆಯರು ಸೇರಿ ಸ್ವಂತ ಕಂಪನಿ ತೆಗೆದರಂತೆ ಎಂದರೆ, ಯಾರ ಮನ್ಯಾಗ ಕೂತು ತಗದ್ರು? ಒಂದು ಸಲ ನನ್ನ ಗಂಡ ಪ್ರಸನ್ನ ಫೋನ್ ನೋಡುತ್ತಾ ಯಾರೋ ಮಂತ್ರಿ ರಾಜೀನಾಮೆ ಕೊಟ್ಟರು ಎಂದಾಗಲೂ ಅವರು ಬಿಡಲಿಲ್ಲ. "ಪೇಪರಿನ್ಯಾಗ ಬಂದದ್ದು ಇವತ್ತು. ನಿನ್ನೆ ಸಂಜೀಕ ಯಾರ ಮನ್ಯಾಗ ಠರಾವ್ ಆತು, ಅದನ್ನ ಹೇಳು" ಎಂದರು. ಲೋಕದ ದೊಡ್ಡ ಸಂಗತಿಗಳೆಲ್ಲ ಯಾರದೋ ಮನೆಯ ಪಡಸಾಲೆಯಲ್ಲಿ, ಯಾರೋ ಒಬ್ಬ ಹೆಂಗಸು ಬಡಿಸಿದ ಊಟದ ಮುಂದೆ ಶುರುವಾಗುತ್ತವೆ, ಆಮೇಲೆ ಬರೆಯುವವರು ಮನೆಯನ್ನೂ ಮರೆಯುತ್ತಾರೆ, ಬಡಿಸಿದವಳನ್ನೂ ಮರೆಯುತ್ತಾರೆ ಎಂಬುದು ಅವರ ತೀರ್ಮಾನ.

ಈ ತೀರ್ಮಾನಕ್ಕೆ ಅವರು ಬಂದದ್ದು ಓದಿನಿಂದ. ಕೃಪಾ ಅಕ್ಕೋರು ಧಾರವಾಡದ ಕಡೆಯ ಕ್ರೈಸ್ತರು. ಇಲ್ಲಿ ಲಂಡನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎದೆರೋಗದ ಡಾಕ್ಟರಾಗಿ ಬಹಳ ವರ್ಷ ದುಡಿದು, ನಿವೃತ್ತರಾಗಿ, ಕೆಂಟನ್ನಿನ ಒಂದು ಮನೆಯಲ್ಲಿ ಒಬ್ಬರೇ ಇದ್ದರು. ಮಗ ಕೆನಡಾದಲ್ಲಿ. ಗಂಡ ತೀರಿಕೊಂಡ ಮೇಲೆ ಸಂಜೆ ಕ್ಲಾಸಿಗೆ ಸೇರಿ, ಮೊದಲ ಕ್ರೈಸ್ತರು ಬರೆಯುತ್ತಿದ್ದ ಗ್ರೀಕ್ ಕಲಿತರು. ಕಲಿತದ್ದು ಒಂದೇ ಕಾರಣಕ್ಕೆ: ಯೇಸು ಸತ್ತ ಮೇಲಿನ ಮೊದಲ ಕೆಲವು ನೂರು ವರ್ಷಗಳಲ್ಲಿ, ಸೈನ್ಯವಿಲ್ಲದೆ, ರಾಜನಿಲ್ಲದೆ, ಒಂದು ಗುಡಿ ಕೂಡ ಇಲ್ಲದೆ, ಆತನ ಮಾತು ಊರಿಂದೂರಿಗೆ ಹೇಗೆ ಹೋಯಿತು ಎಂದು ಅವರಿಗೆ ತಿಳಿಯಬೇಕಿತ್ತು. ಅವರ ಮನೆಯ ಗೋಡೆಯ ಮೇಲೆ ಮೆಡಿಟರೇನಿಯನ್ ಸಮುದ್ರದ ದೊಡ್ಡ ನಕ್ಷೆ ಇತ್ತು. ಹಡಗಿನ ದಾರಿಗಳಿಗೆ ನೀಲಿ ಉಣ್ಣೆಯ ದಾರ, ನೆಲದ ರಸ್ತೆಗಳಿಗೆ ಕೆಂಪು ದಾರ. ಕೊರಿಂಥ, ಎಫೆಸ, ಅಂತಿಯೋಕ್ಯ, ರೋಮ್, ಎಲ್ಲ ಕಡೆ ಗುಂಡುಪಿನ್ನು ಚುಚ್ಚಿದ್ದರು. ಚರ್ಚುಗಳೇ ಎಂದು ನಾನು ಕೇಳಿದ್ದಕ್ಕೆ, "ಚರ್ಚ್ ಎಲ್ಲೀದವ್ವಾ? ಅವಾಗ ಇದ್ದಿದ್ದಿಲ್ಲ. ಅವೆಲ್ಲಾ ಮನಿಗೋಳು" ಎಂದರು.

ನನಗೆ ಅವರ ಪರಿಚಯವಾದದ್ದು ಶನಿವಾರದ ಕನ್ನಡ ಕ್ಲಾಸಿನಲ್ಲಿ. ನಾವಿರುವುದು ಕೊಲಿಂಡೇಲಿನ ಹೊಸ ಅಪಾರ್ಟ್‌ಮೆಂಟೊಂದರಲ್ಲಿ. ಪ್ರಸನ್ನನ ಆಫೀಸು ಕ್ಯಾನರಿ ವಾರ್ಫಿನಲ್ಲಿ. ಮಗಳು ಅನಘಾ ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಕೆಂಟನ್ನಿನಲ್ಲಿ ಒಂದು ಹಾಲ್ ಬಾಡಿಗೆ ಹಿಡಿದು ನಮ್ಮಂಥ ಕೆಲವರು ಕ್ಲಾಸು ನಡೆಸುತ್ತಾರೆ ಎಂದು ತಿಳಿದು ಸೇರಿಸಿದೆ. ದೊಡ್ಡ ಮಕ್ಕಳ ಗುಂಪಿಗೆ ಪಾಠ ಮಾಡುತ್ತಿದ್ದವರು ಇವರು. ಬಿಳಿ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡಿದ್ದರು. ಇಳಕಲ್ ಸೀರೆಯ ಮೇಲೆ ದಪ್ಪ ಸ್ವೆಟರು, ಕಾಲಿಗೆ ಓಡುವವರ ಶೂಸು. ನಾನು ಆಂಟಿ ಎಂದು ಕರೆದದ್ದಕ್ಕೆ, "ಆಂಟಿ ಅಂದ್ರ ಯಾರೋ ಪಾರ್ಟಿಗೆ ಬಂದಾಕಿ ಅನಸ್ತದ. ನಮ್ಮ ಕಡೆ ಸಾಲಿ ಕಲಸಾಕಿಗೆ ಅಕ್ಕೋರು ಅಂತಾರ, ಹಂಗ ಕರೀ" ಎಂದರು. ಅಂದಿನಿಂದ ಅವರು ನಮಗೆಲ್ಲ ಅಕ್ಕೋರು. ಡಾಕ್ಟರ್ ಎನ್ನುವುದನ್ನು ಅವರೇ ಬಿಡಿಸಿಬಿಟ್ಟಿದ್ದರು.

ಆ ವರ್ಷ ಮಕ್ಕಳಿಗೆ ಇಂಗ್ಲಿಷ್ ಶಾಲೆಯಲ್ಲಿ ರೋಮನ್ನರ ಪಾಠ ನಡೆಯುತ್ತಿತ್ತು. ಒಂದು ಶನಿವಾರ ದಿಶಾ ಎಂಬ ಹುಡುಗಿ ಎದ್ದು, ರೋಮನ್ನರು ಕ್ರೈಸ್ತರನ್ನು ಸಿಂಹದ ಬಾಯಿಗೆ ಹಾಕುತ್ತಿದ್ದರು ಅಂತ ಟೀಚರ್ ಹೇಳಿದರು, ಹಾಗಿದ್ದ ಮೇಲೆ ರೋಮನ್ನರೇ ಕ್ರೈಸ್ತರಾದದ್ದು ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ದಿಶಾಳ ಅಪ್ಪ ಶ್ರೀಧರ್ ಬೆಂಗಳೂರಿನವರು, ಆ ಕ್ಲಾಸಿನ ವ್ಯವಸ್ಥೆಯನ್ನೆಲ್ಲ ನೋಡಿಕೊಳ್ಳುತ್ತಿದ್ದವರು. ಅಕ್ಕೋರು ಒಂದು ಕ್ಷಣ ಅವಳನ್ನೇ ನೋಡಿ, "ಭಾಳ ಛಲೋ ಪ್ರಶ್ನಿ. ಕನ್ನಡದಾಗ ಕೇಳಿದ್ರ ಹೇಳ್ತೀನಿ" ಎಂದರು.

ದಿಶಾ ನಾಚಿ, ಪದಗಳನ್ನು ಹುಡುಕಿ ಹುಡುಕಿ ಕೇಳಿದಳು. ಕ್ರಿಯಾಪದ ಎಲ್ಲೋ, ಕರ್ತೃ ಎಲ್ಲೋ. ಅಕ್ಕೋರು ತಿದ್ದಲಿಲ್ಲ, ಉತ್ತರ ಹೇಳತೊಡಗಿದರು. ಮುಂದಿನ ವಾರ ನಕ್ಷೆಯನ್ನು ಗೋಡೆಯಿಂದ ಬಿಚ್ಚಿ, ಸುರುಳಿ ಸುತ್ತಿ, ಕ್ಲಾಸಿಗೇ ತಂದರು. ಬಂದರಿನಲ್ಲಿ ಕೆನ್ನೀಲಿ ಬಟ್ಟೆ ಮಾರುತ್ತಿದ್ದ ಹೆಂಗಸೊಬ್ಬಳು ತನ್ನ ಮನೆ ಬಾಗಿಲು ತೆರೆದದ್ದನ್ನು ಹೇಳಿದರು. ಗುಡಾರ ಹೊಲಿಯುವ ಗಂಡ ಹೆಂಡತಿ ಊರು ಬಿಡಬೇಕಾಗಿ ಬಂದಾಗ ಸೂಜಿ ದಾರದ ಜೊತೆ ತಮ್ಮ ನಂಬಿಕೆಯನ್ನೂ ಹೊಸ ಊರಿಗೆ ಹೊತ್ತದ್ದನ್ನು ಹೇಳಿದರು. ಒಡೆಯನೂ ಗುಲಾಮನೂ ಒಂದೇ ರೊಟ್ಟಿ ಮುರಿದು ತಿಂದಾಗ ಅಕ್ಕಪಕ್ಕದವರಿಗೆ ಆದ ದಿಗಿಲನ್ನು ಮಾತ್ರ ಅಭಿನಯಿಸಿಯೇ ತೋರಿಸಿದರು. ಮಕ್ಕಳು ನಗುತ್ತಾ ಕೇಳುತ್ತಿದ್ದವು.

"ಲಂಡನ್ನಿಗೆ ಯಾರು ತಂದರು, ಅಕ್ಕೋರೇ?" ಎಂದು ಅನಘಾ ಕೇಳಿದಳು. ಅಷ್ಟು ಉದ್ದದ ಕನ್ನಡ ವಾಕ್ಯವನ್ನು ಅವಳ ಬಾಯಿಂದ, ಹಿಂದೆ ಕೂತಿದ್ದ ನಾನು ಅದುವರೆಗೆ ಕೇಳಿರಲಿಲ್ಲ.

"ಯಾರಿಗೂ ಗೊತ್ತಿಲ್ಲ, ತಂಗೀ. ಯಾವನೋ ಸಿಪಾಯಿ ಇರಬೇಕು. ಇಲ್ಲಾ ಎಣ್ಣಿ ಮಾರಾಂವ, ಹಡಗಿನ್ಯಾಗ ಥೇಮ್ಸ್‌ಗುಂಟ ಬಂದಿರ್ತಾನ. ಇಲ್ಲಿ ಚಳಿ ನೋಡಿ ಯಾಕರ ಬಂದೆ ಅಂದಿರ್ತಾನ. ಅವನ ಹೆಸರು ಯಾರೂ ಬರದಿಟ್ಟಿಲ್ಲ."

ಪಾಠ ಮುಗಿದ ಮೇಲೆ ಅವರು ದೊಡ್ಡ ಡಬ್ಬಿಯಲ್ಲಿ ತರುತ್ತಿದ್ದ ಗಿರಮಿಟ್ಟು. ಚುರುಮುರಿಯನ್ನು ಹುಣಸೆ ಹುಳಿಯ ಮಸಾಲೆಗೆ ಕಲಸಿ, ಮೇಲೆ ಈರುಳ್ಳಿ ಉದುರಿಸಿ, ಮಕ್ಕಳಿಗೆ ಕೈಯಲ್ಲೇ ತಿನ್ನಲು ಕೊಡುತ್ತಿದ್ದರು.

ತೊಂದರೆ ಬಂದದ್ದು ಈ ಪಾಠದಿಂದಲೇ. ಯಾವುದೋ ಮಗು ಮನೆಗೆ ಹೋಗಿ ಊಟದ ಹೊತ್ತಿನಲ್ಲಿ ಯೇಸುವಿನ ಕಥೆ ಹೇಳಿತು. ವಾಟ್ಸಾಪ್ ಗುಂಪಿನಲ್ಲಿ ಮಾತು ಬೆಳೆಯಿತು. ಒಂದು ಭಾನುವಾರ ಶ್ರೀಧರ್ ಅದೇ ಹಾಲಿನಲ್ಲಿ ಪೋಷಕರ ಸಭೆ ಕರೆದರು. ಅಕ್ಕೋರನ್ನೂ ಬರಹೇಳಿದ್ದರು. ಅವರು ಮುಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕುಳಿತರು. ಪಕ್ಕದಲ್ಲಿ ನಾನು.

ಶ್ರೀಧರ್ ಕೆಟ್ಟವರಲ್ಲ. ಬಿಡುವಿಲ್ಲದ ಕೆಲಸದ ನಡುವೆ ಕ್ಲಾಸಿಗಾಗಿ ಓಡಾಡುತ್ತಿದ್ದವರು. ದನಿ ಏರಿಸದೆಯೇ ಹೇಳಿದರು. "ಮೇಡಂ, ನಿಮ್ಮ ಮೇಲೆ ನಮಗೆ ರೆಸ್ಪೆಕ್ಟ್ ಇದೆ. ಆದ್ರೆ ಕನ್ನಡ ಕ್ಲಾಸಲ್ಲಿ ಕನ್ನಡ ಇರ್ಲಿ. ರಿಲಿಜನ್ ಯಾಕೆ?"

"ಮಕ್ಕಳು ಕೇಳಿದ್ವು, ನಾ ಹೇಳಿದೆ."

"ಹಾಗಲ್ಲ ಮೇಡಂ. ಇಂಡಿಯಾದಲ್ಲಿ ಏನೇನು ನಡೆಯುತ್ತೆ ಅಂತ ನಿಮಗೂ ಗೊತ್ತು. ಊಟ ಕೊಟ್ಟು, ಕೆಲಸ ಕೊಟ್ಟು ಜನರನ್ನ ಕನ್ವರ್ಟ್ ಮಾಡ್ತಾರೆ. ಪೇರೆಂಟ್ಸ್‌ಗೆ ಭಯ ಇರುತ್ತಲ್ವಾ?"

"ಹೌದ್ರಿ," ಎಂದರು ಅಕ್ಕೋರು. "ನಮ್ಮನ್ನ ಹಂಗ ಮಾಡಿದ್ರು."

ಅವರು ಇಲ್ಲ ಎನ್ನುತ್ತಾರೆ ಎಂದು ಎಲ್ಲರೂ ಎಣಿಸಿದ್ದರು. ಇಲ್ಲ ಎಂದರೆ ಹೇಳಲು ಶ್ರೀಧರ್ ಏನೋ ಸಿದ್ಧ ಮಾಡಿಕೊಂಡು ಬಂದಿದ್ದರೆಂದು ಕಾಣುತ್ತದೆ. ಅದು ಈಗ ಉಪಯೋಗಕ್ಕೆ ಬರಲಿಲ್ಲ.

"ನಮ್ಮ ಮುತ್ತಜ್ಜ ನೇಕಾರ," ಎಂದು ಅಕ್ಕೋರು ಕೂತಲ್ಲಿಂದಲೇ ಹೇಳಿದರು. "ಮಿಲ್ಲಿನ ಬಟ್ಟಿ ಬಂತು, ಮಗ್ಗ ನಿಂತಿತು. ಮಿಶನ್ನಿನ ನೇಯ್ಗಿ ಕಾರ್ಖಾನ್ಯಾಗ ಕೆಲಸ ಸಿಕ್ತು. ಕೆಲಸ ಸಿಕ್ಕ ಮ್ಯಾಲೆ ಐತವಾರ ಸಭಾಕ್ಕ ಹೋಗಾಕ ಹತ್ತಿದ. ಅಂವಗ ಮೊದಲ ಕೂಳು, ಆಮ್ಯಾಲೆ ದೇವರು. ನಮ್ಮ ಮುತ್ತಜ್ಜಿದು ಬ್ಯಾರೆ. ಅಕೀಗೆ ಆ ಸಭಾದಾಗ ಎಲ್ಲಾರ ಜೋಡಿ ಒಂದ ಚಾಪಿ ಮ್ಯಾಲೆ ಕೂಡಸಿದ್ರು. ಊರಾಗ ಅಕೀನ ಯಾರೂ ಹಂಗ ಕೂಡಸಿದ್ದಿಲ್ಲ. ಅದಕ್ಕ ಅಕಿ ಹೋದ್ಲು. ಎರಡೂ ಖರೇನ. ರೋಮಿನ್ಯಾಗೂ ಹಿಂಗ ಆಗಿರಬೇಕು. ಒಬ್ಬಾಂವ ರೊಟ್ಟಿಗೆ ಬಂದಾನ, ಒಬ್ಬಾಕಿ ಮರ್ಯಾದಿಗೆ ಬಂದಾಳ, ಇನ್ನೊಬ್ಬಾಂವ ಹೆಂಡ್ತಿ ಕಾಟಕ್ಕ ಬಂದಾನ. ನಾ ಮಕ್ಕಳಿಗೆ ಅದನ್ನ ಹೇಳೀನಿ. ಶ್ರೀಧರ್, ನಾನು ನಾಲ್ಕನೇ ತಲಿಯಾಕಿ. ಈಗ ನನ್ನ ವಾಪಸ್ ಕಳಸಬೇಕಂದ್ರ ಯಾವ ಮಗ್ಗಕ್ಕ ಕಳಸ್ತೀರಿ?"

ಹಿಂದಿನಿಂದ ಯಾರೋ ನಕ್ಕರು. ನಾನು ಎದ್ದು, ನನ್ನ ಮಗಳು ಕನ್ನಡ ಮಾತಾಡಲು ಶುರು ಮಾಡಿದ್ದೇ ಈ ಪಾಠದಿಂದ, ಬೇರೆ ಯಾರಿಗೂ ಅದು ಕಾಣಿಸಲಿಲ್ಲವೇ ಎಂದೆ. ಕೆಲವರು ತಲೆಯಾಡಿಸಿದರು. ಆದರೂ ಸಭೆಯ ಕೊನೆಗೆ ಅಕ್ಕೋರು ಸ್ವಲ್ಪ ದಿನ ಬ್ರೇಕ್ ತೆಗೆದುಕೊಳ್ಳಲಿ ಎಂದಾಯಿತು. ಅವರು ವಾದ ಮಾಡಲಿಲ್ಲ. ಗೋಡೆಯ ಪಕ್ಕ ಒರಗಿಸಿಟ್ಟಿದ್ದ ನಕ್ಷೆಯ ಸುರುಳಿಯನ್ನು ಬಗಲಲ್ಲಿ ಇಟ್ಟುಕೊಂಡು ಬಸ್‌ಸ್ಟಾಪಿಗೆ ನಡೆದರು. ನಾನೂ ಜೊತೆಗೆ ಹೋದೆ. ಬಸ್ಸು ಹತ್ತುವಾಗ, "ಮಕ್ಕಳಿಗೆ ಮುಂದಿಂದು ಹೇಳೋದು ಉಳೀತಲ್ಲವಾ" ಎಂದರು. ದನಿ ಸಣ್ಣದಾಗಿತ್ತು.

ಮುಂದಿನ ಶನಿವಾರ ನಮ್ಮ ಫ್ಲ್ಯಾಟಿಗೇ ಬನ್ನಿ ಎಂದು ಫೋನ್ ಮಾಡಿದೆ. ಒಪ್ಪಿದರು. ಮೊದಲ ವಾರ ಅನಘಾ ಮತ್ತು ನಮ್ಮದೇ ಬ್ಲಾಕಿನ ಇಬ್ಬರು ಮಕ್ಕಳು. ಸೋಫಾ ಸರಿಸಿ, ನಕ್ಷೆಯನ್ನು ಬಾಲ್ಕನಿ ಬಾಗಿಲಿನ ಗಾಜಿಗೆ ಟೇಪಿನಿಂದ ಅಂಟಿಸಿದೆವು. ಬೆಳಕಿಗೆ ಕಾಗದದ ಮೂಲಕ ಹೊರಗಿನ ಕ್ರೇನುಗಳು ಈಜಿಪ್ಟಿನ ಮೇಲೆ ನಿಂತಂತೆ ಕಾಣುತ್ತಿದ್ದವು. ಅಕ್ಕೋರಿಗೆ ಅದು ಬಹಳ ಹಿಡಿಸಿತು. "ಇನ್ನ ಯಾರರ ಕೇಳಿದ್ರ ಹೇಳೋದು ಸಸಾರ ಆತು, ವಸುಧಾನ ಮನ್ಯಾಗ" ಎಂದು ನನ್ನ ಕಡೆ ನೋಡಿ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಯಾರೂ ಯಾರನ್ನೂ ಕರೆಯಲು ಹೋಗಲಿಲ್ಲ. ಲಿಫ್ಟಿನಲ್ಲಿ ಸಿಕ್ಕ ತಾಯಂದಿರು ಕೇಳಿದರು, ಹೇಳಿದೆ, ಅಷ್ಟೇ.

ಒಂದು ಶನಿವಾರ ಬಾಗಿಲು ತೆರೆದರೆ ಶ್ರೀಧರರ ಹೆಂಡತಿ ರೂಪಾ, ಪಕ್ಕದಲ್ಲಿ ದಿಶಾ. "ಇವಳು ವಾರದಿಂದ ಊಟ ಸರಿಯಾಗಿ ಮಾಡ್ತಿಲ್ಲ, ಮುಂದೇನಾಯ್ತು ಅಂತ ಕೇಳ್ತಾನೇ ಇದಾಳೆ. ಶ್ರೀಧರ್‌ಗೆ ನಾನಿನ್ನೂ ಹೇಳಿಲ್ಲ. ಹೇಳ್ತೀನಿ" ಎಂದು ರೂಪಾ ಮಗಳನ್ನು ಒಳಗೆ ಬಿಟ್ಟು ಹೋದಳು.

ಇದೇ ಹೊತ್ತಿಗೆ ಅಕ್ಕೋರ ಚರ್ಚಿನಲ್ಲೂ ಒಂದು ಪ್ರಸಂಗ ನಡೆಯಿತು. ಅಲ್ಲಿನ ಪಾದ್ರಿಗಳು ಇವರನ್ನು ಒಂದು ಭಾನುವಾರ ಆದಿ ಸಭೆಗಳ ಬಗ್ಗೆ ಮಾತಾಡಲು ಕೇಳಿದ್ದರಂತೆ. ಇವರು ಅಲ್ಲೂ ರೊಟ್ಟಿ, ಮರ್ಯಾದೆ, ಹೆಂಡತಿ ಕಾಟ ಎಲ್ಲವನ್ನೂ ಹೇಳಿದರು. ಆಮೇಲೆ ಪಾದ್ರಿಗಳು ನಯವಾಗಿ, ನಿಮ್ಮ ಮಾತಿನಲ್ಲಿ ಪವಿತ್ರಾತ್ಮನೇ ಕಾಣಲಿಲ್ಲವಲ್ಲ ಡಾಕ್ಟರ್ ಎಂದರು. "ನಾ ಹೇಳಿದ್ದು ಅಲುಗಾಡಿದ ಎಲಿ ಬಗ್ಗೆ, ಗಾಳಿ ಬಗ್ಗೆ ಹೇಳೋದು ನಿಮ್ಮ ಕೆಲಸ ಅಂದೆ" ಎಂದು ನನಗೆ ಚಹಾ ಸೋಸಿಕೊಡುತ್ತಾ ಹೇಳಿದರು. ಮತ್ತೆ ಅವರನ್ನು ಅಲ್ಲಿ ಮಾತಾಡಲು ಕರೆಯಲಿಲ್ಲ. ಹೋಗುವುದನ್ನು ಮಾತ್ರ ಅವರು ಬಿಡಲಿಲ್ಲ. ಎಂದಿನ ಬೆಂಚಿನಲ್ಲೇ ಕುಳಿತು ಬರುತ್ತಿದ್ದರು.

ಶ್ರೀಧರ್ ನಮ್ಮ ಮನೆಗೆ ಬಂದದ್ದು ಶರತ್ಕಾಲದಲ್ಲಿ. ರೂಪಾ ಹೇಳಿದ್ದಳೋ, ಅವರಿಗೇ ತಿಳಿಯಿತೋ. ಪಾಠದ ನಡುವೆ ಬೆಲ್ ಆಯಿತು. ಬಾಗಿಲಲ್ಲಿ ಕೋಟು ತೊಟ್ಟುಕೊಂಡೇ ನಿಂತು, "ದಿಶಾನ ಕರ್ಕೊಂಡ್ ಹೋಗಕ್ಕೆ ಬಂದೆ" ಎಂದರು. ಮುಖ ಬಿಗಿದಿತ್ತು. ನಾನು ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಒಳಗಿನಿಂದ ಅಕ್ಕೋರ ದನಿ ಬಂತು. "ಬರ್ರಿ ಶ್ರೀಧರ್, ಶೂಸ್ ಅಲ್ಲೇ ಬಿಡ್ರಿ. ಪಾಠ ಅರ್ಧಾ ಆಗೇದ, ಮುಗಿಯೂತನಾ ಕೂಡ್ರಿ."

ಅವರು ಒಳಗೆ ಬಂದು ಊಟದ ಮೇಜಿನ ಕುರ್ಚಿಯ ತುದಿಯಲ್ಲಿ ಕುಳಿತರು. ಅಂದಿನ ಪಾಠ ರೋಮನ್ ಪಟ್ಟಣಗಳಿಗೆ ಬಡಿದ ಪಿಡುಗಿನ ಬಗ್ಗೆ. ಜನ ಊರು ಬಿಟ್ಟು ಓಡಿದರು, ರೋಗಿಗಳನ್ನು ಬೀದಿಗೆ ಹಾಕಿದರು, ಈ ಮನೆಗಳಲ್ಲಿ ಸೇರುತ್ತಿದ್ದವರಲ್ಲಿ ಕೆಲವರು ಓಡದೆ ನಿಂತರು ಎಂದು ಅಕ್ಕೋರು ಹೇಳುತ್ತಿದ್ದರು. "ಔಷಧ ಅವರ ಕಡೆ ಏನೂ ಇದ್ದಿದ್ದಿಲ್ಲ. ನೀರು ಕುಡಿಸಿದ್ರು, ಗಂಜಿ ಕುಡಿಸಿದ್ರು, ಮಗ್ಗಲು ಬದಲಿಸಿದ್ರು. ನಾ ಡಾಕ್ಟರ್ ಆಗಿ ಹೇಳ್ತೀನಿ, ಅಷ್ಟಕ್ಕ ಎಷ್ಟೋ ಜೀವ ಉಳೀತಾವ. ಉಳದಾವ್ರು ಕಣ್ಣು ತಗದಾಗ ಎದುರಿಗೆ ಯಾರ ಮುಖ, ಯಾರ ಮಾರಿ ಕಾಣ್ತು? ಆ ಮಾರಿ ಅವರು ಮರೀಲಿಲ್ಲ."

"ಅವರಿಗೆ ಹೆದರಿಕೆ ಆಗಲಿಲ್ವಾ, ಅಕ್ಕೋರೇ?" ಎಂದು ದಿಶಾ ಕೇಳಿದಳು.

"ಆತು. ಹೆದರಿ ಓಡಿದಾವ್ರು ಅವರಾಗೂ ಇದ್ರು. ನಿಂತಾವ್ರಾಗ ಸತ್ತಾವ್ರೂ ಇದ್ರು."

"ಮತ್ತೆ ಅವರು ಯಾವಾಗಲೂ ಒಳ್ಳೆಯವರಾ?"

ಶ್ರೀಧರ್ ಮಗಳನ್ನು ನೋಡಿದರು. ಮನೆಯಲ್ಲಿ ಅವಳು ಅವರೊಡನೆ ಹೀಗೆ ಕನ್ನಡದಲ್ಲಿ ಮಾತಾಡಿದ್ದಿಲ್ಲ ಎಂದು ಆಮೇಲೆ ರೂಪಾ ಹೇಳಿದಳು.

ಅಕ್ಕೋರು ಉತ್ತರಿಸಿದರು. "ಇಲ್ಲ, ತಂಗೀ. ಮುಂದ ರಾಜಾನ ಇವರ ಕಡೆ ಬಂದ. ಆವಾಗ ಇವರ ಕೈಯಾಗ ಬಲ ಬಂತು. ಬಲ ಬಂದ ಮ್ಯಾಲೆ ಇವರೂ ಬ್ಯಾರೆಯವರ ಗುಡಿ ಒಡದ್ರು, ಮೂರ್ತಿಗಳ ಮೂಗು ಕೊಯ್ದ್ರು, ಒಲ್ಲೆ ಅಂದಾವ್ರನ್ನ ಹೆದರಿಸಿದ್ರು. ಮನ್ಯಾಗ ಅಡಗಿ ಕೂತಾವ್ರ ಮಮ್ಮಕ್ಕಳ ಹಂಗ ಮಾಡಿದ್ರು. ನಂಗ ಅದನ್ನ ಹೇಳಾಕ ನಾಚಿಕಿ ಆಗ್ತದ. ಹೇಳದಿದ್ರ ಇನ್ನೂ ನಾಚಿಕಿ."

ಪಾಠ ಮುಗಿಯಿತು. ಗಿರಮಿಟ್ಟಿನ ಬಟ್ಟಲು ಶ್ರೀಧರರಿಗೂ ಬಂತು. ಅವರು ತಿಂದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಮೇಡಂ, ನೀವು ಹೇಳೋದೆಲ್ಲಾ ನಾನು ಒಪ್ಪಲ್ಲ" ಎಂದರು.

"ಒಪ್ಪಬ್ಯಾಡ್ರಿ. ಮಗಳನ್ನ ಕಳಸ್ರಿ."

"ಶನಿವಾರ ಎಷ್ಟು ಹೊತ್ತಿಗೆ?" ಎಂದು ಅವರು ಕೇಳಿದರು. ಆಮೇಲೆ ದಿಶಾಳನ್ನು ಬಿಡಲು ಅವರೇ ಬರುತ್ತಿದ್ದರು. ಸಭೆಯ ವಿಷಯ ಇಬ್ಬರೂ ಎತ್ತಲಿಲ್ಲ. ಅಕ್ಕೋರನ್ನು ಮತ್ತೆ ಹಾಲಿಗೆ ಕರೆಯುವ ಪ್ರಸ್ತಾಪ ಬಂದಾಗ, ನಾನಿಲ್ಲೇ ಆರಾಮ ಇದ್ದೀನಿ ಎಂದು ಅವರೇ ಬೇಡವೆಂದರು.

ಅಂದಿನಿಂದ ಸುಮಾರು ಒಂದೂವರೆ ವರ್ಷ ಪಾಠ ನಡೆಯಿತು. ಆಮೇಲೆ ಅಕ್ಕೋರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಹೃದಯದ ಒಂದು ಕವಾಟ ಗಟ್ಟಿಯಾಗಿದೆ, ಆಪರೇಷನ್ ಆಗಬೇಕು ಎಂದರು ಆಸ್ಪತ್ರೆಯವರು. ವಯಸ್ಸಿನ ಅಪಾಯ ಅವರಿಗೆ ಗೊತ್ತಿತ್ತು. ನನ್ನೆದುರಿಗೆ ಸರ್ಜನ್ನನ್ನು ಒಂದೊಂದಾಗಿ ಪ್ರಶ್ನೆ ಕೇಳಿ, ಉತ್ತರಕ್ಕೆ ತಲೆಯಾಡಿಸಿ, ಸಹಿ ಹಾಕಿದರು. ಆಪರೇಷನ್ ಆಯಿತು. ಐಸಿಯುನಿಂದ ಅವರು ಹೊರಗೆ ಬರಲಿಲ್ಲ. ಮಗ ಬಂದು ಎಲ್ಲ ಮಾಡಿದ. ಕೆಂಟನ್ನಿನ ಆ ಚರ್ಚಿನಲ್ಲಿ ಪಾದ್ರಿಗಳು ಅವರ ಬಗ್ಗೆ ಪ್ರೀತಿಯಿಂದಲೇ ಮಾತಾಡಿದರು. ಶ್ರೀಧರ್ ರಜೆ ಹಾಕಿ, ಹೆಂಡತಿ ಮಗಳ ಜೊತೆ ಬಂದು ಕುಳಿತಿದ್ದರು. ಪ್ರಾರ್ಥನೆಗೆ ಎಲ್ಲರೂ ಎದ್ದಾಗ ಅವರೂ ಎದ್ದು ನಿಂತರು. ಶನಿವಾರದ ಕ್ಲಾಸು ಈಗ ನಾನು ನಡೆಸುತ್ತೇನೆ. ಓದುವುದು, ಬರೆಯುವುದು ಕಲಿಸುತ್ತೇನೆ. ಅವರ ಹಾಗೆ ಹೇಳಲು ನನಗೆ ಬರುವುದಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ನಾನು ಅವರ ಜೊತೆಗಿದ್ದೆ. ಮಗನ ವಿಮಾನ ಮಧ್ಯಾಹ್ನಕ್ಕೆ ಇಳಿಯುವುದಿತ್ತು. ಅಕ್ಕೋರು ಆಸ್ಪತ್ರೆಯ ನಿಲುವಂಗಿಯಲ್ಲಿ, ಕನ್ನಡಕವಿಲ್ಲದೆ, ನಾನು ನೋಡಿದ್ದಕ್ಕಿಂತ ಚಿಕ್ಕದಾಗಿ ಕಾಣುತ್ತಿದ್ದರು. ಸ್ವಲ್ಪ ಹೊತ್ತು ಛಾವಣಿ ನೋಡುತ್ತಾ ಮಲಗಿದ್ದವರು ನನ್ನ ಕಡೆ ತಿರುಗಿದರು.

"ವಸುಧಾ, ಇಷ್ಟು ದಿನಾ ಕೂತು ಎಲ್ಲಾ ಕೇಳಿದಿ. ಒಂದು ಮಾತ ಕೇಳಲೇ ಇಲ್ಲ ನೋಡು ನೀ."

"ಏನು, ಅಕ್ಕೋರೇ?"

"ನಾ ನಂಬತೀನೋ ಇಲ್ಲೋ ಅಂತ."

ನಿಜ. ಕೇಳಿರಲಿಲ್ಲ. ಅದು ಕೇಳುವಂಥ ಮಾತಲ್ಲ ಎಂದುಕೊಂಡಿದ್ದೆ. "ನಂಬ್ತೀರಾ?" ಎಂದೆ.

"ಆಸ್ಪತ್ರ್ಯಾಗ ಕೆಲಸಾ ಮಾಡೋವಾಗ ನಂಬತಿದ್ದೆ. ಚರ್ಚಿನ್ಯಾಗ ಕೂತಾಗ ಒಮ್ಮೊಮ್ಮೆ. ನಮ್ಮ ಮನಿಯವರು ಸತ್ತ ಮ್ಯಾಲೆ ಎರಡು ಮೂರು ವರ್ಷ ಏನೂ ಇದ್ದಿದ್ದಿಲ್ಲ. ಬರೇ ಓದಿದೆ." ಉಸಿರು ಎಳೆದುಕೊಳ್ಳಲು ಮಾತು ನಿಲ್ಲಿಸಿದರು. "ಆ ಮಂದಿ ಯಾಕ ನಂಬಿದ್ರು ಅಂತ ಗೊತ್ತಾದ್ರ ನಂಗೂ ವಾಪಸ್ ಬರ್ತದೇನೋ ಅಂತ."

"ಬಂತಾ?"

"ಅರ್ಧಾ ಮರ್ಧಾ."

ನರ್ಸ್ ಬಂದು ಮಂಚದ ಗಾಲಿಗಳ ಬ್ರೇಕ್ ತೆಗೆದಳು. ಅಕ್ಕೋರು ಹೊದಿಕೆಯ ಅಡಿಯಿಂದ ಕೈ ಹೊರಗೆ ತೆಗೆದರು.

"ಇವತ್ತು ಮಾತ್ರ ಭಾಳ ಅಂಜಿಕಿ ಆಗೇದ. ಕೈ ಹಿಡಕೋ."

ಹಿಡಿದುಕೊಂಡೆ. ಉದ್ದದ ಕಾರಿಡಾರಿನಲ್ಲಿ ಮಂಚದ ಪಕ್ಕ ಪಕ್ಕಕ್ಕೇ ನಡೆದೆ. ಅವರ ಕೈ ಬೆಚ್ಚಗಿತ್ತು, ಹಿಡಿತ ಗಟ್ಟಿಯಾಗಿತ್ತು. ಥಿಯೇಟರಿನ ಬಾಗಿಲ ಹತ್ತಿರ ನರ್ಸ್, ಜೊತೆಯವರು ಇಲ್ಲಿಯವರೆಗೆ ಮಾತ್ರ ಎಂದಳು. ನಾನು ಕೈ ಬಿಡಲು ನೋಡಿದೆ. ಅವರು ಬಿಡಲಿಲ್ಲ. ನರ್ಸ್ ಅವಸರ ಮಾಡದೆ, ಮಂಚವನ್ನು ಅಲ್ಲೇ ನಿಲ್ಲಿಸಿಕೊಂಡು, ಅಕ್ಕೋರೇ ಬಿಡುವವರೆಗೆ ಕಾದಳು.